ಎಂಟು ಕಿಟಕಿಗಳ ಜೀರ್ಣೋದ್ಧಾರ

ನಾವಿರುವ ಕಟ್ಟಡಕ್ಕೆ ನೂರಾ ಹತ್ತು ವರ್ಷ. ಅದನ್ನು ಪಾರಂಪರಿಕ ಕಟ್ಟಡವೆಂದು ಘೋಷಿಸಲೇಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದು, ಚಪ್ಪಲಿ ಸವೆಸಿ, ಕೊನೆಗೆ ಹೆಬ್ಬಾಗಿಲ ಪಕ್ಕ ಹಿತ್ತಾಳೆ ಫಲಕ ಹಾಕಿಸಿದ ಮಹಾನುಭಾವ ನಾನೇ. (ವಾರಕ್ಕೊಮ್ಮೆ ಅದನ್ನು ಉಜ್ಜುವವನೂ ನಾನೇ. ಉಳಿದ ನಿವಾಸಿಗಳು ತಿರುಗಿಯೂ ನೋಡುವುದಿಲ್ಲ.) ಹೀಗೆ ಘೋಷಣೆಯಾದ ಕಟ್ಟಡದ ಹೊರನೋಟ ಬದಲಾಗಕೂಡದು, ಹಳೆಯ ಕಿಟಕಿ ಕಿತ್ತು ಹೊಸದು ಹಾಕುವಂತಿಲ್ಲ. ನಮ್ಮ ಎಂಟು ಕಿಟಕಿಗಳಲ್ಲೋ, ಚಳಿಗಾಳಿ ಸ್ವಂತ ಮನೆಗೆ ಬಂದ ಹಾಗೆ ಬಂದು ಹೋಗುತ್ತಿತ್ತು. ಹೀಟರ್ ಹಾಕಿದರೆ ಬೀದಿ ಬೆಚ್ಚಗಾಗುತ್ತಿತ್ತೇ ಹೊರತು ನಾವಲ್ಲ.

ಈ ಸಲ ಚಳಿ ಶುರುವಾದ ದಿನವೇ ನನ್ನವಳು ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು.

"ರೀ, ನನ್ನ ಮಂಡಿ ಮರಗಟ್ಟಿ ಹೋಗಿದೆ. ಭಾನುವಾರದೊಳಗೆ ಈ ಕಿಟಕಿಗಳಿಗೆ ಒಂದು ಗತಿ ಕಾಣಿಸಿ. ಇಲ್ದಿದ್ರೆ ಚಳಿ ಮುಗಿಯೋವರೆಗೂ ನಾನು ತಂಗಿ ಮನೇಲಿರ್ತೀನಿ."

"ನೂರು ವರ್ಷದ ಕಿಟಕಿ ಕಣೇ. ಅದಕ್ಕೊಂದು ಇತಿಹಾಸ ಇದೆ."

"ನನ್ನ ಮಂಡಿಗೂ ಐವತ್ತೆಂಟು ವರ್ಷದ ಇತಿಹಾಸ ಇದೆ. ಅದಕ್ಕೂ ಒಂದು ಫಲಕ ಹಾಕ್ಸಿ."

ನಿಜ ಹೇಳುತ್ತೇನೆ, ಮೂವತ್ತು ವರ್ಷಗಳಲ್ಲಿ ಅವಳ ಗೊಣಗಾಟವಿಲ್ಲದೆ ನಾನು ಒಂದು ಲೋಟ ಕಾಫಿಯನ್ನೂ ಕುಡಿದವನಲ್ಲ. ಆ ಕ್ಷಣವೇ ಹೊರಟು, ವಯಸ್ಸಾದ ಬಡಗಿ ಮೇಸ್ತ್ರಿಯೊಬ್ಬರನ್ನು ಹುಡುಕಿ ತಂದೆ. ಅವರು ಮರವನ್ನು ಬೆರಳಲ್ಲಿ ತಟ್ಟಿ ನೋಡಿದರು.

"ಮರ ಕಲ್ಲಿದ್ದಂಗಿದೆ ಸಾರ್. ಕೀಳೋದೇನೂ ಬೇಡ. ಸಂದಿಗೆಲ್ಲ ರಬ್ಬರ್ ಪಟ್ಟಿ ಕೊಟ್ಟು, ಒಳಗಡೆಯಿಂದ ಇನ್ನೊಂದು ಗಾಜು ಕೂರಿಸೋಣ. ಹೊರಗಿಂದ ನೋಡೋರಿಗೆ ಗೊತ್ತೇ ಆಗಲ್ಲ."

ಶುಕ್ರವಾರ ಹದಿನಾರು ಕದಗಳನ್ನೂ ಇಳಿಸಿ ಪಡಸಾಲೆಯ ಗೋಡೆಗೆ ಒರಗಿಸಿ, ಕಿಟಕಿಗಳಿಗೆ ಪ್ಲಾಸ್ಟಿಕ್ ಹೊದಿಸಿ ಹೋದರು. ಶನಿವಾರ ಅವರು ಬರುವ ಮುಂಚೆ ನನಗೊಂದು ದಿವ್ಯ ಯೋಚನೆ ಹೊಳೆಯಿತು. ಹೇಗೂ ಕದಗಳು ಕೈಗೆ ಸಿಕ್ಕಿವೆ, ಶತಮಾನದ ಧೂಳನ್ನು ತೆಗೆದೇಬಿಡೋಣ. ಒದ್ದೆ ಬಟ್ಟೆ ಹಿಡಿದು ಹದಿನಾರಕ್ಕೂ ಮಜ್ಜನ ಮಾಡಿಸಿದೆ.

ಮೇಸ್ತ್ರಿ ಬಂದವರೇ ಕೇಳಿದರು, "ಸಾರ್, ನಂಬರ್ ಎಲ್ಲಿ?"

"ಯಾವ ನಂಬರು?"

"ಯಾವ ಕದ ಯಾವ ಕಿಟಕೀದು ಅಂತ ಸೀಮೆಸುಣ್ಣದಲ್ಲಿ ಬರೆದಿದ್ದೆ."

ನಾನು ಕೈಯಲ್ಲಿದ್ದ ಬಟ್ಟೆ ನೋಡಿಕೊಂಡೆ. ಬೆಳ್ಳಗಿತ್ತು.

ನೂರು ವರ್ಷದಲ್ಲಿ ಒಂದೊಂದು ಕದವೂ ತನ್ನ ಚೌಕಟ್ಟಿಗೆ ತಕ್ಕ ಹಾಗೆ ಸೊಟ್ಟಗಾಗಿರುತ್ತದಂತೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲವಂತೆ. ಮಧ್ಯಾಹ್ನದವರೆಗೂ ನಾವಿಬ್ಬರು ಹೊತ್ತೆವು, ಇಳಿಸಿದೆವು, ಬೆವೆತೆವು. ಒಂದು ಕೆಳಗೆ ತಾಗಿದರೆ ಇನ್ನೊಂದರ ಸಂದಿಯಲ್ಲಿ ಕೈಯೇ ತೂರುತ್ತಿತ್ತು. ಮೇಸ್ತ್ರಿ ತಲೆಮೇಲೆ ಕೈ ಹೊತ್ತು ಕೂತರು. ಅಷ್ಟರಲ್ಲಿ ನನ್ನವಳು ತುಂಬಿದ ಸೂಟ್‌ಕೇಸ್ ಎಳೆದುಕೊಂಡು ಹೊರಗೆ ಬಂದಳು. ಸಂಗತಿ ತಿಳಿದು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಅದು ಅಡುಗೆಮನೇದು ಮೇಸ್ತ್ರಿ. ಕುಕ್ಕರ್ ಹಬೆಗೆ ಬಣ್ಣ ಎದ್ದಿದೆ ನೋಡಿ. ಇದು ಮಲಗೋ ಕೋಣೇದು, ಎಡಗಡೆ. ಚಿಲಕ ಬೀಳಲ್ಲ ಅಂತ ಮೊಣಕೈಯಲ್ಲಿ ಗುದ್ದಿ ಗುದ್ದಿ ಹೀಗೆ ನುಣುಪಾಗಿದೆ. ಈ ಗೀರಿರೋದು ಪಡಸಾಲೇದು. ಬೀಗದ ಕೈ ಮರೆತು ಇವರು ಕಳ್ಳನ ಹಾಗೆ ಹತ್ತಿ ಬಂದಿದ್ರಲ್ಲ, ಆವತ್ತಿಂದು."

ಅರ್ಧ ಗಂಟೆಯಲ್ಲಿ ಹದಿನಾರೂ ತಮ್ಮ ತಮ್ಮ ಜಾಗ ಸೇರಿದವು. ಫಲಕ ಉಜ್ಜಿದ್ದಷ್ಟೇ ನಾನು, ಮನೆಯನ್ನು ಬಲ್ಲವಳು ಅವಳು. ನಾಚಿಕೆಯೂ ಆಯಿತು, ಅವಳ ಮೇಲೆ ಹೇಳಲಾಗದಷ್ಟು ಅಕ್ಕರೆಯೂ ಬಂತು.

ಭಾನುವಾರ ಸಂಜೆಗೆ ರಬ್ಬರ್ ಪಟ್ಟಿ, ಒಳಗಾಜು ಎಲ್ಲ ಮುಗಿಯಿತು. ಹೀಟರ್ ಆರಿಸಿದರೂ ಮನೆ ಬೆಚ್ಚಗಿತ್ತು. ನನ್ನವಳು ಸೂಟ್‌ಕೇಸಿನ ಬಟ್ಟೆಗಳನ್ನೆಲ್ಲ ಬೀರುವಿಗೆ ಜೋಡಿಸಿ, ತಂಗಿಗೆ ಫೋನ್ ಮಾಡಿದಳು. ನಾನು ಗೆದ್ದೆನೆಂದು ಮೀಸೆ ತಿರುವಿದೆ.

"ನಾನು ಬರಲ್ಲ ಕಣೇ. ಇಲ್ಲಿ ಎಷ್ಟು ಬೆಚ್ಚಗಿದೆ ಅಂತೀಯಾ, ನೀನೇ ಬಂದ್ಬಿಡು."

ಒಂಟಿಯಾಗಿರುವ ನಾದಿನಿ ಮರುದಿನವೇ ಬಂದಿಳಿದಳು. ಎರಡು ದಿನಕ್ಕೆಂದು ಬಂದವಳು ಮೂರನೆಯ ದಿನ, "ಭಾವ, ಇಲ್ಲಿಗೆ ಬಂದ್ಮೇಲೆ ನನ್ನ ಸೊಂಟನೋವೇ ಮಾಯ. ಚಳಿ ಕಳೆಯೋವರೆಗೂ ಇದ್ದುಬಿಡ್ತೀನಿ. ಆದರೆ ಮನೇಲಿ ನನ್ನ ಬೆಕ್ಕು ಒಂದೇ ಇದೆಯಲ್ಲ" ಎಂದಳು.

"ಇಲ್ಲಿಗೇ ತಾರಮ್ಮ," ಎಂದೆ ಉದಾರವಾಗಿ.

"ಬೇಡ ಬೇಡ," ಎಂದಳು ನನ್ನವಳು. "ಹೊಸ ರಬ್ಬರ್ ಪಟ್ಟಿಯನ್ನೆಲ್ಲ ಪರಚಿ ಹಾಕತ್ತೆ. ರೀ, ನಿಮಗಿಲ್ಲಿ ಏನು ಕೆಲಸ ಹೇಳಿ?"

ಹೀಗಾಗಿ ಚಳಿ ಮುಗಿಯುವವರೆಗೂ ಅವಳ ತಂಗಿ ಮನೆಯಲ್ಲಿರುವವನು ನಾನು. ಸಂಜೆಯಾದರೆ ತಪ್ಪದೆ ನನ್ನವಳ ಫೋನ್ ಬರುತ್ತದೆ.

"ಬೆಕ್ಕಿನ ಊಟ ಆಯ್ತಾ ರೀ?" ಎಂದು ಕೇಳಿ, ಫೋನ್ ಇಡುವ ಮುಂಚೆ, "ನಿಮ್ದು?" ಎನ್ನುತ್ತಾಳೆ.