ಸಿಲಿಂಡರ್ ಆಯ್ಕೆ ಅಧಿಕಾರಿಗಳಿಗೆ ಬಲೂನಿನವಳ ಅಹವಾಲು

ಅಪಾಯಕಾರಿ ಅನಿಲಗಳ ಸಾಗಣೆಗೆ ಯೋಗ್ಯವಾದ ಸಿಲಿಂಡರುಗಳನ್ನು ಅಳೆದು, ತೂಗಿ, ತಿರುಗಿಸಿ ನೋಡಿ, ಕೊನೆಗೆ ಬೇಡವೆನ್ನುವ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಕೋಣೆಯ ಫ್ಯಾನಿಗೂ, ಆ ಫ್ಯಾನಿನ ಗಾಳಿಗೆ ಕಡತಗಳು ಹಾರದಂತೆ ಅವುಗಳ ಮೇಲೆ ಕೂತಿರುವ ಹಿತ್ತಾಳೆಯ ಹಳೇ ವಾಲ್ವಿಗೂ ನನ್ನ ತುಂಬುಹೃದಯದ ನಮಸ್ಕಾರಗಳು. ನಾನು ಬಲೂನಿನವಳು. ಇಷ್ಟು ಹೇಳಿದರೆ ತಮಗೆ ಗುರುತು ಸಿಗದಿದ್ದಲ್ಲಿ, ಸತತ ಮೂರು ಮಂಗಳವಾರ ಪಕ್ಕದ ಬೀದಿಯ ತನ್ನ ಬಲೂನಂಗಡಿಯಿಂದ ಎದೆಯೆತ್ತರದ ಸಿಲಿಂಡರೊಂದನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ತಮ್ಮ ಮೆಟ್ಟಿಲ ಬುಡದಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ಹೆಂಗಸನ್ನೂ, ಅವಳ ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಿದ್ದ ಅವಳ ಅತ್ತೆಯನ್ನೂ ದಯವಿಟ್ಟು ಜ್ಞಾಪಿಸಿಕೊಳ್ಳಬೇಕು. ಕೈಗಾಡಿಯನ್ನು ತಮ್ಮ ನಿಯಮಗಳು ವಾಹನವೆಂದು ಒಪ್ಪುವುದಿಲ್ಲವಾದ್ದರಿಂದ ಅಷ್ಟು ದೂರ ಬರಲು ನಮಗೆ ಅಡ್ಡಿಯಾಗಲಿಲ್ಲ.

ನನ್ನ ಸಂಕಟ ತಮಗೆ ಗೊತ್ತಿರುವುದೇ. ಆದರೆ ಇದು ಬಹಿರಂಗ ಪತ್ರ, ಓದುವ ನಾಲ್ಕು ಜನಕ್ಕೂ ಗೊತ್ತಾಗಲಿ. ನನ್ನ ಅಕ್ಕನ ಮಗಳು, ಏಳು ವರ್ಷದವಳು, ಮನೆಯಲ್ಲಿ ಎಲ್ಲರ ಬಾಯಲ್ಲೂ ಚೂಟಿ, ರಕ್ತದ ಕಾಯಿಲೆಯಿಂದ ಎಂಟು ತಿಂಗಳು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದಳು. ಮೊದಲ ವಾರ ಅವಳು ಸೂಜಿಗೆ ಕೈ ಕೊಡಲೊಪ್ಪದೆ ಮಂಚದ ಕೆಳಗೆ ಹೋಗಿ ಕೂತಾಗ, ಇಲ್ಲಿ ಮಲಗಿದ ಒಂದೊಂದು ದಿನಕ್ಕೂ ಒಂದೊಂದು ಬಲೂನು, ಮನೆಗೆ ಹೊರಡುವ ದಿನ ಎಲ್ಲವನ್ನೂ ಒಟ್ಟಿಗೇ ಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಅವಳು ಮಂಚದ ಕೆಳಗಿನಿಂದಲೇ ಷರತ್ತು ಹಾಕಿದಳು. "ಬಾಯಲ್ಲಿ ಊದಿದ್ದು ಬೇಡ ಚಿಕ್ಕಮ್ಮ, ಅದು ನನ್ನ ಥರಾನೇ ಬಿದ್ಕೊಂಡಿರತ್ತೆ. ಹಾರೋದು ಬೇಕು." ಕಳೆದ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳಿಗೆ ಬಿಡುಗಡೆಯೆಂದು ಡಾಕ್ಟರು ತಿಂಗಳ ಮೊದಲೇ ಹೇಳಿದ್ದರು. ಲೆಕ್ಕ ಹಾಕಿದರೆ ಇನ್ನೂರ ನಲವತ್ತಮೂರು ಬಲೂನು. ಬಲೂನು ಹಾರಬೇಕಾದರೆ ಹೀಲಿಯಂ ಬೇಕು, ಹೀಲಿಯಂ ತರಲು ಸಿಲಿಂಡರ್ ಬೇಕು, ಸಿಲಿಂಡರಿಗೆ ತಾವು ಬೇಕು.

ತಮ್ಮ ನಿಯಮಪುಸ್ತಕವನ್ನು ನಾನು ಎರಡು ಸಲ ಓದಿದ್ದೇನೆ, ಸ್ವಾಮಿ, ಸುಳ್ಳಲ್ಲ. ತಯಾರಿಸಿದವರು ಯಾರು, ಹುಟ್ಟಿದ್ದು ಯಾವಾಗ, ಎಷ್ಟು ಒತ್ತಡ ತಡೆದುಕೊಳ್ಳುತ್ತದೆ, ಕೊನೆಯ ಸಲ ಪರೀಕ್ಷೆಯಾದದ್ದು ಎಂದು, ಕುತ್ತಿಗೆ ನೆಟ್ಟಗಿದೆಯೇ, ತಲೆಗೆ ಟೋಪಿಯಿದೆಯೇ ಎಂದು ಒಂದು ಕಬ್ಬಿಣದ ಕೊಳವೆಯ ಬಗ್ಗೆ ತಾವು ವಿಚಾರಿಸುವಷ್ಟು ನಮ್ಮಪ್ಪ ನನ್ನ ಗಂಡನ ಬಗ್ಗೆ ವಿಚಾರಿಸಿದ್ದರೆ ನಾನು ಇಂದು ಬೇರೆಯೇ ಮನೆಯಲ್ಲಿರುತ್ತಿದ್ದೆ. ನಿಯಮ ಬೇಡವೆನ್ನುವವಳು ನಾನಲ್ಲ. ಹೀಲಿಯಂ ಬೆಂಕಿ ಹಿಡಿಯದಿದ್ದರೂ, ಒತ್ತಡ ತುಂಬಿದ ಸಿಲಿಂಡರಿನ ಕತ್ತು ಮುರಿದರೆ ಅದು ಗೋಡೆಯನ್ನೇ ತೂರಿಕೊಂಡು ಹೋದೀತೆಂದು ನನಗೂ ಗೊತ್ತಿದೆ, ಹಾಗಾಗಿ ರಾತ್ರಿ ತಾವು ನೆಮ್ಮದಿಯಾಗಿ ನಿದ್ದೆ ಮಾಡುವುದು ನಮ್ಮೆಲ್ಲರ ಹಿತಕ್ಕೆ ಎಂದೇ ನಂಬಿದ್ದೇನೆ.

ಮೊದಲ ಮಂಗಳವಾರ ತಾವು ಮೂರು ಮಹಡಿ ಇಳಿದು ಬಂದು, ಸಿಲಿಂಡರಿನ ಹೆಗಲ ಮೇಲೆ ಕೆತ್ತಿದ ಮುದ್ರೆ ಸರಿ, ಪರೀಕ್ಷೆಯ ದಿನಾಂಕ ಸರಿ, ವಾಲ್ವು ಸರಿ, ಆದರೆ ಬಣ್ಣ ಚಕ್ಕೆಯೆದ್ದಿದೆ, ಬಳಿದು ತನ್ನಿ ಎಂದು ಅಪ್ಪಣೆ ಕೊಡಿಸಿದಿರಿ. ಆ ಕೆಲಸವನ್ನು ನಮ್ಮ ಅತ್ತೆ ವಹಿಸಿಕೊಂಡರು. ನಮ್ಮ ಅತ್ತೆ ಯಾವುದನ್ನೂ ಅರೆಬರೆ ಮಾಡಿದವರಲ್ಲ. ತಳದಿಂದ ಕುತ್ತಿಗೆಯವರೆಗೆ ದಪ್ಪದಪ್ಪಗೆ ಮೂರು ಕೈ ಬಣ್ಣ ಎಳೆದು, ಒಣಗಿದ ಮೇಲೆ ಸೆರಗಿನಿಂದ ಒರೆಸಿ, ಈಗ ಯಾರಾದ್ರೂ ಬೇಡ ಅನ್ನಲಿ ನೋಡೋಣ ಎಂದರು. ಎರಡನೆಯ ಮಂಗಳವಾರ ತಾವು ಅದರ ಹೆಗಲ ಮೇಲೆ ಬೆರಳಾಡಿಸಿ ಬೇಡವೆಂದಿರಿ. ಮುದ್ರೆಯ ಅಕ್ಷರಗಳೆಲ್ಲ ಬಣ್ಣದಡಿಯಲ್ಲಿ ಸಮತಟ್ಟಾಗಿ ಹೂತುಹೋಗಿದ್ದವು, ಓದಲಾಗದ ಮುದ್ರೆ ಇಲ್ಲದ ಮುದ್ರೆಗೆ ಸಮ ಎಂಬ ನಿಯಮವನ್ನು ತಾವು ಎಷ್ಟು ಮೃದುವಾಗಿ ಓದಿ ಹೇಳಿದಿರೆಂದರೆ ನಾನು ತಲೆಯಾಡಿಸಿಬಿಟ್ಟೆ. ಅತ್ತೆ ತಲೆಯಾಡಿಸಲಿಲ್ಲ. ತಂತಿಯ ಬ್ರಷ್ಷು, ಹಳೆಯ ಚಾಕು, ಕೊನೆಗೆ ಉಳಿಯನ್ನೂ ಹಿಡಿದು ಇಡೀ ವಾರ ಕೆರೆದು ಅಕ್ಷರಗಳನ್ನು ಮತ್ತೆ ಹೊರಗೆಳೆದರು. ಮೂರನೆಯ ಮಂಗಳವಾರ ಮುದ್ರೆ ಹೊಸ ಪಾತ್ರೆಯ ಮೇಲಿನ ಹೆಸರಿನಂತೆ ಹೊಳೆಯುತ್ತಿತ್ತು. ಅದರ ಸುತ್ತಲಿನ ಗೀರುಗಳನ್ನು ಕಂಡ ತಾವು, ಯಾರೋ ಮುದ್ರೆ ತಿದ್ದಿರುವ ಶಂಕೆಯಿದೆ, ಮರುಪರೀಕ್ಷೆಯಾಗದೆ ಒಪ್ಪಲಾಗದು ಎಂದು ಬರೆದಿರಿ.

ಮರುಪರೀಕ್ಷೆಯ ಕೇಂದ್ರ ನಲವತ್ತು ಕಿಲೋಮೀಟರು ದೂರ. ಒಪ್ಪಿಗೆಯಿಲ್ಲದ ಸಿಲಿಂಡರನ್ನು ಯಾವ ವಾಹನಕ್ಕೂ ಹತ್ತಿಸುವಂತಿಲ್ಲ, ಪರೀಕ್ಷೆಯಾಗದೆ ಒಪ್ಪಿಗೆಯಿಲ್ಲ. ಹೊಸ ಸಿಲಿಂಡರಿನ ಅರ್ಜಿಗೆ ನಲವತ್ತೈದು ದಿನ, ಬಾಡಿಗೆಯದಕ್ಕೂ ತಮ್ಮದೇ ಸಹಿ. ಇದನ್ನು ರಚಿಸಿದವರ ಬುದ್ಧಿಗೆ ಕೈಮುಗಿಯಬೇಕು. ಆ ದಿನ ತಮ್ಮ ಮೆಟ್ಟಿಲ ಮೇಲೆ ಕೂತು ನಾನು ತಮ್ಮಲ್ಲಿ ಬೇಡಿಕೊಳ್ಳಬೇಕೆಂದುಕೊಂಡದ್ದು ಇಷ್ಟೆ: ಪರೀಕ್ಷಾ ಕೇಂದ್ರವನ್ನೇ ಕಿತ್ತು ನಮ್ಮ ಅಂಗಡಿಯ ಪಕ್ಕದಲ್ಲಿ ನೆಡಿಸಬೇಕು, ಆಗದಿದ್ದಲ್ಲಿ ನನ್ನ ಸಿಲಿಂಡರಿಗೆ ನಡೆಯುವುದನ್ನು ಕಲಿಸಿ, ದಾರಿಯಲ್ಲಿ ಕೈಹಿಡಿದು ರಸ್ತೆ ದಾಟಿಸಲು ಒಬ್ಬ ಗುಮಾಸ್ತರನ್ನು ನೇಮಿಸಬೇಕು, ಅದೂ ಆಗದಿದ್ದಲ್ಲಿ ತಾವೇ ಮಕ್ಕಳ ವಾರ್ಡಿಗೆ ಬಂದು, ನಿಯಮ ಇಷ್ಟನೆಯದು, ಉಪನಿಯಮ ಇಷ್ಟನೆಯದು ಎಂದು ಆ ಮಗುವಿಗೆ ಓದಿ ಹೇಳಬೇಕು. ಮೂರನೆಯದನ್ನು ನೆನೆದು ನನಗೆ ಅಳು ಬಂತು, ಹಾಗಾಗಿ ಯಾವುದನ್ನೂ ಕೇಳದೆ ಎದ್ದು ಹೋದೆ.

ದಾರಿ ತೋರಿಸಿದವರು ಅನಿಲ ಸ್ಥಾವರದಲ್ಲಿ ಗ್ಯಾಸ್ ತುಂಬುವ ಮೇಸ್ತ್ರಿ. ಫೋನಿನಲ್ಲಿ ನನ್ನ ಗೋಳೆಲ್ಲ ಕೇಳಿಸಿಕೊಂಡು, "ರೂಲ್ಸ್ ಇರೋದು ಸಿಲಿಂಡರಿಗೆ ತಾನೇ ತಾಯಿ? ಬಲೂನೇ ತಗೊಂಡು ಬನ್ನಿ, ಇಲ್ಲೇ ತುಂಬಿಸ್ಕೊಡ್ತೀನಿ" ಎಂದರು. ಮಾನ್ಯರೇ, ತಮ್ಮ ಪುಸ್ತಕ ಎರಡು ಸಲ ಓದಿದ ನನಗೆ ಇದು ಹೊಳೆದಿರಲಿಲ್ಲ. ಶನಿವಾರ ಬೆಳಿಗ್ಗೆ ಆರಕ್ಕೆ ನಾನು, ಅತ್ತೆ, ಚೂಟಿಯ ಅಪ್ಪನಾದ ನನ್ನ ಭಾವ, ಮೂವರೂ ಭಾವ ಓಡಿಸುವ ಹಾಸಿಗೆ ಅಂಗಡಿಯ ತೆರೆದ ವ್ಯಾನಿನಲ್ಲಿ ಸ್ಥಾವರಕ್ಕೆ ಹೋದೆವು. ಮೇಸ್ತ್ರಿ ತುಂಬಿಸಿದರು, ನಾನು ಗಂಟು ಹಾಕಿದೆ, ಅತ್ತೆ ದಾರ ಕಟ್ಟಿದರು, ಭಾವ ವ್ಯಾನಿನ ಮೇಲೆ ಕಟ್ಟಿದ ಬಲೆಯೊಳಗೆ ತೂರಿಸುತ್ತ ಒಂದೊಂದನ್ನೂ ಜೋರಾಗಿ ಎಣಿಸಿದರು. ಮೂರೂವರೆ ತಾಸು ಕಳೆಯುವ ಹೊತ್ತಿಗೆ ನಮ್ಮ ವ್ಯಾನು ನೆಲ ಮುಟ್ಟಿದೆಯೋ ಇಲ್ಲವೋ ಎಂದು ಅತ್ತೆ ಬಗ್ಗಿ ನೋಡುತ್ತಿದ್ದರು. ನಮಗೆ ನಗು ತಡೆಯಲಾಗುತ್ತಿರಲಿಲ್ಲ.

ಹೊರಡಲೆಂದು ಸ್ಥಾವರದ ಗೇಟಿನ ಬಳಿ ಬಂದರೆ ತಾವು! ಶನಿವಾರದ ತಪಾಸಣೆಗೆಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದ ತಾವು ಎದ್ದು ನಿಂತು, ಸಿಲಿಂಡರೆಲ್ಲಿ ಎಂದು ಕೇಳಿದಿರಿ. ಸಿಲಿಂಡರಿಲ್ಲವೆಂದೆ. ತಾವು ಮಾದರಿಗೆಂದು ಒಂದು ಬಲೂನನ್ನು ಬಲೆಯಿಂದ ಹೊರಗೆ ತೆಗೆಸಿ, ಎಡಗೈಯಲ್ಲಿ ಅದರ ದಾರ, ಬಲಗೈಯಲ್ಲಿ ಪುಸ್ತಕ ಹಿಡಿದು, ಮುದ್ರೆ ಹುಡುಕಿದಿರಿ, ದಿನಾಂಕ ಹುಡುಕಿದಿರಿ, ವಾಲ್ವು ಹುಡುಕಿದಿರಿ, ಅದಕ್ಕೊಂದು ಅಧ್ಯಾಯ ಹುಡುಕಿದಿರಿ. ಪುಟ ತಿರುವಬೇಕಾದಾಗಲೆಲ್ಲ ಎಡಗೈಯೂ ಮೇಲೇಳುತ್ತಿತ್ತು, ತಾವು ನಮಗೇ ಸಲಾಮು ಹೊಡೆಯುತ್ತಿದ್ದೀರೆಂದುಕೊಂಡು ನಾವೂ ತಿರುಗಿ ಹೊಡೆದೆವು. ಅರ್ಧ ಗಂಟೆ ಹೋಯಿತು. ಭಾವ, "ಸರ್, ಮಗಳು ಕಾಯ್ತಾ ಇದಾಳೆ" ಎಂದರು. ತಾವು ಪುಸ್ತಕ ಮುಚ್ಚಿ, ಹೋಗಿ ಎಂದು ಕೈ ಬೀಸಿದಿರಿ. ನಮ್ಮ ಕೆಲಸವನ್ನು ತಾವು ಮೊದಲ ಸಲ ಒಪ್ಪಿದ್ದು ಅಂದೇ, ಅದಕ್ಕೆ ನಾನು ಸದಾ ಋಣಿ.

ನಾವು ಮುಟ್ಟಿದಾಗ ಹನ್ನೊಂದೂ ಇಪ್ಪತ್ತು. ಚೂಟಿ ಆಸ್ಪತ್ರೆಯ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಬಲೂನು ಬರದೆ ಗೇಟು ದಾಟುವುದಿಲ್ಲವೆಂದು ಹಟ ಹಿಡಿದಿದ್ದಳಂತೆ, ನನ್ನ ಅಕ್ಕ ಅವಳ ಪಕ್ಕದಲ್ಲಿ ಚೀಲಗಳ ನಡುವೆ ಸೋತು ಕೂತಿದ್ದಳು. ವ್ಯಾನು ಕಂಡದ್ದೇ ಆ ಮಗು ಎದ್ದ ರಭಸ ನೋಡಿ ನರ್ಸಮ್ಮ ಕಣ್ಣೊರೆಸಿಕೊಂಡರು. ಆದರೆ ಅವಳು ನಮ್ಮ ಅತ್ತೆಯ ಗರಡಿಯಲ್ಲಿ ಪಳಗಿದವಳು, ಎಣಿಸದೆ ತೆಗೆದುಕೊಳ್ಳುವವಳಲ್ಲ. ಎಣಿಸಿದಳು. ಇನ್ನೂರ ನಲವತ್ತೆರಡು. ಮತ್ತೊಮ್ಮೆ ಎಣಿಸಿ, "ಒಂದು ದಿನ ಎಲ್ಲಿ ಚಿಕ್ಕಮ್ಮ?" ಎಂದಳು. ಆಗ ನನಗೆ ತಮ್ಮ ಎಡಗೈ ನೆನಪಾಯಿತು. ನಾವು ಹೊರಟಾಗ ತಾವು ಗೇಟಿನಲ್ಲಿ ಆ ಮಾದರಿಯ ದಾರ ಹಿಡಿದು ಮೇಲೆ ನೋಡುತ್ತ ನಿಂತಿದ್ದಿರಿ, ತಾವೂ ಮರೆತಿರಿ, ನಾವೂ ಮರೆತೆವು. ಒಂದು ದಿನ ಆಫೀಸರ್ ಹತ್ತಿರ ಉಳಿದುಹೋಯಿತೆಂದು ಹೇಳಿದೆ. ಅವಳು, "ಬೆನ್ನಿಗೆ ಸೂಜಿ ಹಾಕಿದ್ರಲ್ಲ, ಆ ದಿನ ಅವ್ರ ಹತ್ರಾನೇ ಇರ್ಲಿ. ವಾಪಸ್ ಕೇಳ್ಬೇಡ" ಎಂದಳು. ಆಮೇಲೆ ಗೇಟು ದಾಟಿದಳು.

ಆದ್ದರಿಂದ ಮಾನ್ಯರೇ, ಬಲೂನನ್ನು ಹಿಂದಿರುಗಿಸುವ ತೊಂದರೆ ತೆಗೆದುಕೊಳ್ಳಬಾರದೆಂದು ಈ ಮೂಲಕ ಕೋರುತ್ತೇನೆ.

ಇಂತಿ, ಯಾವ ಮುದ್ರೆಯೂ ಇಲ್ಲದೆ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಬಲೂನಿನವಳು

ಮರೆತ ಮಾತು: ಈ ಪತ್ರ ತಲುಪುವಷ್ಟರಲ್ಲಿ ಅದು ಸೋರಿ, ಮೆತ್ತಗಾಗಿ, ತಮ್ಮ ಮೇಜಿನ ಕಾಲ ಬಳಿ ಬಂದು ಕೂತಿರಬಹುದು. ಗಾಬರಿಯಾಗಿ ಅದನ್ನು ಮರುಪರೀಕ್ಷೆಗೆ ಮಾತ್ರ ಕಳಿಸಬೇಡಿ. ಆ ದಿನದ ಪರೀಕ್ಷೆಯನ್ನು ನಮ್ಮ ಹುಡುಗಿ ಒಮ್ಮೆ ಪಾಸು ಮಾಡಿದ್ದಾಳೆ, ಅಷ್ಟು ಸಾಕು.