ಪಂಕ್ತಿಯಲ್ಲಿ ಬ್ರೆಜಿಲ್

ಕುಸುಮಾವತಿ ಟಿವಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇ ಎಲ್ಲ ಫಜೀತಿಗೂ ಮೂಲ. ಎರಡು ಸಾವಿರದ ಎರಡನೇ ಇಸವಿಯ ಜೂನ್ ಕೊನೆಯ ಭಾನುವಾರ, ವಿಶ್ವಕಪ್ ಫೈನಲ್‌ಗೆ ಎರಡೇ ಗಂಟೆ ಬಾಕಿ ಇರುವಾಗ ಟಿವಿ ಒಮ್ಮೆ ಚರ್ ಎಂದು ಸುಮ್ಮನಾಯಿತು.

"ನಿಮ್ಮ ಬ್ರೆಜಿಲ್ ಚಂದ ಕಾಣ್ಲಿ ಅಂತ ಒರೆಸಿದ್ದು ಮಾರಾಯ್ರೆ."

"ಚಂದ ಹೋಗ್ಲಿ, ಈಗ ಕಾಣೂದೇ ಇಲ್ಲಲ್ಲ!" ದೇವದಾಸ ರಾಯರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಉಡುಪಿ ಕಡೆಯ ಈ ಬ್ಯಾಂಕ್ ಅಧಿಕಾರಿ ವರ್ಗವಾಗಿ ಕೋಲ್ಕತ್ತಕ್ಕೆ ಬಂದು ಎರಡು ವರ್ಷ. ಈ ತಿಂಗಳಷ್ಟೇ ಬ್ರೆಜಿಲ್ ಆಟಕ್ಕೆ ಮರುಳಾಗಿದ್ದರು. ಅದು ಗೆದ್ದ ಆರು ಪಂದ್ಯಗಳನ್ನೂ, ಬ್ಯಾಂಕಿಗೆ ಹೊಟ್ಟೆನೋವಿನ ರಜೆ ಹಾಕಿಯಾದರೂ ನೋಡಿದ್ದರು. ಏಳನೆಯದು ತಪ್ಪಿದರೆ ಬದುಕಿ ಏನು ಫಲ ಎಂದು ನಿಜವಾಗಿಯೂ ಅನ್ನಿಸಿ, ಚಪ್ಪಲಿ ಮೆಟ್ಟಿ ಹೊರಟರು.

ಸದರ್ನ್ ಅವೆನ್ಯೂ ಪಕ್ಕದ ಅವರ ಓಣಿಯಲ್ಲೇ ಒಂದು ಕ್ಲಬ್ಬಿತ್ತು. ಒಳಗೆ ದೊಡ್ಡ ಟಿವಿ, ಬಾಗಿಲಲ್ಲಿ ಕಾರ್ಯದರ್ಶಿ ಘೋಷಾಲ್ ಬಾಬು.

"ಕುರ್ಚಿ ನಲವತ್ತು, ಸದಸ್ಯರು ಅರವತ್ತು," ಎಂದರು ಘೋಷಾಲ್ ಬಾಬು, ಅರ್ಧ ಹಿಂದಿ ಅರ್ಧ ಬಂಗಾಳಿಯಲ್ಲಿ. "ಹೊರಗಿನವರಿಗೆ ಜಾಗ ಬೇಕಾದ್ರೆ ಆಟ ಅರ್ಥ ಆಗ್ಬೇಕು. ಹೇಳಿ, ಬ್ರೆಜಿಲ್ ಮೈದಾನದಲ್ಲಿ ಹೇಗೆ ನಿಲ್ಲುತ್ತೆ?"

ರಾಯರಿಗೆ ಪುಸ್ತಕದ ಮಾತು ಒಂದೂ ಬಾರದು. ಆದರೆ ಮೀಸೆ ಮೂಡುವ ಮೊದಲಿನಿಂದ ಊರ ದೇವಸ್ಥಾನದ ಊಟದಲ್ಲಿ ಬಡಿಸಿದ ಕೈ ಅವರದು.

"ನಮ್ಮಲ್ಲಿ ಸಾವಿರ ಜನ ಪಂಕ್ತಿಗೆ ಕೂತಿರ್ತಾರೆ. ಹಂಡೆ ಹತ್ರ ಅಡುಗೆ ಭಟ್ರು. ಏನೇ ಆದ್ರೂ ಜಾಗ ಬಿಡೂದಿಲ್ಲ, ಅವ್ರೇ ಗೋಲ್‌ಕೀಪರ್. ಅವರ ಮುಂದೆ ಪಾತ್ರೆ ತುಂಬಿಸಿ ಕೊಡುವ ಮೂವರು, ಯಾರನ್ನೂ ಒಳಗೆ ಬಿಡೂದಿಲ್ಲ. ನಡುವೆ ಅನ್ನದವರು ಇಬ್ಬರು. ಅವ್ರಿಲ್ದೆ ಏನೂ ನಡೆಯೂದಿಲ್ಲ, ಆದ್ರೆ ಯಾರೂ ಅವರನ್ನ ಹೊಗಳೂದಿಲ್ಲ. ಎರಡು ಅಂಚಿನಲ್ಲಿ ಸಾರು, ಸಾಂಬಾರಿನವರು. ಪಂಕ್ತಿ ತುದಿವರೆಗೆ ಓಡಿ ಅಷ್ಟೇ ಬೇಗ ವಾಪಸ್ ಬರ್ತಾರೆ. ಮುಂದೆ ಹೋಳಿಗೆ, ತುಪ್ಪ, ಪಾಯಸದ ಮೂವರು. ಜನ ಕಾಯೂದು ಅವರನ್ನೇ! ಪಾಯಸದವನಿಗೆ ಯಾವ ಎಲೆ ಖಾಲಿ ಅಂತ ಕಣ್ಣು ಮುಚ್ಚಿದ್ರೂ ಗೊತ್ತಾಗ್ತದೆ."

ಘೋಷಾಲ್ ಬಾಬು ಬೆರಳು ಮಡಿಸಿ ಎಣಿಸಿದರು. ಸರಿಯಾಗಿ ಹನ್ನೊಂದು! ಅವರ ಕಣ್ಣು ತೇವವಾಯಿತು. "ದಾದಾ, ನಲವತ್ತು ವರ್ಷದಿಂದ ಆಟ ನೋಡ್ತಿದ್ದೇನೆ, ಹೀಗೆ ಹೇಳಿದವರಿಲ್ಲ," ಎಂದು ಮೊದಲ ಸಾಲಿನ ತಮ್ಮ ಸ್ವಂತ ಕುರ್ಚಿಯನ್ನೇ ಬಿಟ್ಟುಕೊಟ್ಟರು.

ಮೊದಲರ್ಧದಲ್ಲಿ ಗೋಲಾಗಲಿಲ್ಲ. ಆದರೂ ಅಂಚಿನವರು ಓಡುವ ಅಂದ, ನಡುವಿನವರು ಸದ್ದಿಲ್ಲದೆ ಚೆಂಡು ದಾಟಿಸುವ ಹದ ನೋಡಿ ರಾಯರ ಮೈ ಜುಮ್ಮೆಂದಿತು. ಇಂಥ ಬಡಿಸುವ ಪಡೆ ಉಡುಪಿಯಲ್ಲೂ ಸಿಗಲಿಕ್ಕಿಲ್ಲ ಎಂದುಕೊಂಡರು.

ಹಾಫ್ ಟೈಮಿಗೆ ಹಿತ್ತಿಲಲ್ಲಿ ಖಿಚುಡಿ. ಹದಿನೈದು ನಿಮಿಷ, ಸದಸ್ಯರ ಮನೆಮಂದಿಯೂ ಸೇರಿ ಇನ್ನೂರು ಜನ. ಬಡಿಸಲು ನಿಂತ ತರುಣರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಬದನೆಕಾಯಿ ಬಜ್ಜಿಯ ತಟ್ಟೆ ಯಾರದೋ ಅಜ್ಜಿಯ ಮಡಿಲಿಗೆ ಬಿತ್ತು.

"ದಾದಾ, ನಿಮ್ಮ ಬ್ರೆಜಿಲ್!" ಎಂದು ಘೋಷಾಲ್ ಬಾಬು ಕೂಗಿದರು.

ರಾಯರು ಎದ್ದರು. ಹಂಡೆಯ ಬಳಿ ತಾವೇ, ಹಿಂದೆ ಮೂವರು, ನಡುವೆ ಇಬ್ಬರು, ಅಂಚಿಗೆ ಇಬ್ಬರು, ಮುಂದೆ ಮೂವರು. ಕ್ಷಣದಲ್ಲಿ ಪಂಕ್ತಿ ನೀರಿನಂತೆ ಹರಿಯಿತು. ಸುದ್ದಿ ಹಬ್ಬಿ ಪಕ್ಕದ ಓಣಿಯವರೂ ಬಂದು ಕುಳಿತರು. ಅಷ್ಟರಲ್ಲಿ ಒಳಗೆ ಸೀಟಿ ಕೇಳಿಸಿತು. ರಾಯರು ಸೌಟು ಇಟ್ಟು ಓಡಹೊರಟರು.

ಘೋಷಾಲ್ ಬಾಬು ಭುಜ ಹಿಡಿದರು. "ಹಂಡೆ ಹತ್ರ ಇರೋದು ಗೋಲ್‌ಕೀಪರ್ ಅಂದವರು ನೀವೇ ಅಲ್ವಾ? ಏನೇ ಆದ್ರೂ ಜಾಗ ಬಿಡೋದಿಲ್ಲ ಅಂದವರೂ ನೀವೇ!" ಎಂದು ತಾವು ಒಳಗೆ ಹೋದರು.

ಗೋಡೆಯಾಚೆ ಗೋಲ್ ಎಂಬ ಕೂಗು ಒಮ್ಮೆ ಗುಡುಗಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ರಾಯರು ಎರಡು ಸಲವೂ ಸೌಟು ಹಿಡಿದು ನಿಂತೇ ಇದ್ದರು. ಹಂಡೆಯ ತಳ ಕೆರೆದು ತೆಗೆದ ಕೊನೆಯ ತುತ್ತು, ಕಪ್ ಗೆದ್ದ ಸಂಭ್ರಮದಲ್ಲಿ ಬಂದ ಘೋಷಾಲ್ ಬಾಬುವಿನ ತಟ್ಟೆಗೆ ಹೋಯಿತು.

ಮನೆ ಬಾಗಿಲು ತೆರೆದ ಕುಸುಮಾವತಿಯ ಮುಖ ಅರಳಿತ್ತು. "ಎರಡು ಗೋಲು! ಎಂತ ಚಂದ ಮಾರಾಯ್ರೆ!"

"ನಿಂಗೆ ಹೇಗೆ ಗೊತ್ತು?"

"ನೀವು ಹೋಗಿ ಹತ್ತು ನಿಮಿಷಕ್ಕೆ ಟಿವಿ ಒಣಗಿ ತಾನೇ ಶುರುವಾಯ್ತಲ್ಲ. ಕಾಲು ಚಾಚಿ ಕೂತು ಪೂರ್ತಿ ನೋಡಿದೆ." ಅವಳು ಟೀ ಲೋಟ ಎತ್ತಿಕೊಂಡಳು. "ನೀವು ಕ್ಲಬ್ಬಲ್ಲಿ ಹೊಟ್ಟೆ ತುಂಬ ಖಿಚುಡಿ ತಿಂದು ಬರ್ತೀರಿ ಅಂತ ನಾನು ಅಡುಗೆ ಮಾಡ್ಲಿಲ್ಲ."