ನಮ್ಮ ಸ್ಟುಡಿಯೋಕ್ಕ ರಾಕ್ ಬ್ಯಾಂಡ್ ಬಂದಾಗ

ಬೆಂಗೇರ್ಯಾಗ ನಂದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಐತ್ರಿ. ಭಜನಿ ಪದ, ಆಟೋದ ಮ್ಯಾಲೆ ಹಚ್ಚೋ ಪ್ರಚಾರ, ಇಷ್ಟ ನನ್ನ ಉದ್ಯೋಗ. ಆದ್ರೂ ತಲಿ ಕೆಡೋ ಪ್ರಸಂಗ ನನ್ನ ಮನಿ ಹುಡಿಕೊಂಡು ಬರ್ತಾವ. ಹಿಂದಿನ ವರ್ಷ ಉದ್ದ ಕೂದಲಿನ ಹುಡುಗ್ರು, "ಕಾಕಾ, ನಮ್ಮದೊಂದು ಹಾರ್ಡ್ ರಾಕ್ ಆಲ್ಬಂ ಮಾಡಿಕೊಡ್ರಿ" ಅಂತ ಬಂದ್ರು. ಹಾಡೋ ಹುಡುಗನ ಅಪ್ಪ ಕಾಳಿನ ವ್ಯಾಪಾರಿ, ಕೆಲಗೇರಿ ಕಡೆ ಜ್ವಾಳದ ಹೊಲಾನೂ ಐತಿ. "ಸುಗ್ಗಿ ಮುಗಿಯೋದ್ರಾಗ ನಿನ್ನ ಹಾಡು ಮಂದಿ ಕೇಳಬೇಕು. ಇಲ್ಲಾಂದ್ರ ಸುಮ್ಮನ ಬಂದು ಅಂಗಡ್ಯಾಗ ಕೂಡು" ಅಂತ ಅವರು ಮಗಗ ಹೇಳಿಬಿಟ್ಟಿದ್ರು. ಪಾಪ, ಹುಡುಗನ ಜೀವ ಎಲ್ಲಾ ಆ ಆಲ್ಬಂನ್ಯಾಗ ಇತ್ತು.

ಸ್ವಚ್ಛ ಮಾಡಿದ್ದು

ಮೊದಲ ಹಾಡಿಗೇ ಗಿಟಾರ್ ಗರ್ರ್ ಅನ್ನಾಕತ್ತು. ನನ್ನ ವೈರ್ ಕೆಟ್ಟೈತಿ ಅಂತ ಬದಲಿ ಮಾಡಿದೆ, ಗರಗರ ಹೋಗ್ಲಿಲ್ಲ. ಹುಡುಗ್ರು ಹೋದ ಮ್ಯಾಲೆ ಕುಂತು ಆ ಸಪ್ಪಳ ಎಲ್ಲಾ ತಗದು, ಹಾಡು ತೊಳದಂಗ ಮಾಡಿಟ್ಟೆ. ಮರುದಿನ ಕೇಳಿ ಅವರ ಮಾರಿ ಬಾಡಿತು.

"ಕಾಕಾ, ಗಿಟಾರ್ ಎಲ್ಲಿ ಹೋತ್ರಿ?"

"ಅಲ್ಲೇ ಐತಲ್ಲೋ, ಗರಗರ ಅಷ್ಟ ತಗದೇನಿ."

"ಆ ಗರಗರಾನ ನಮ್ಮ ಹಾಡ್ರಿ."

ಮತ್ತ ಎಲ್ಲಾ ಮೊದಲಿಂದ ಮಾಡಿದ್ವಿ. ಈ ಸಲ ನನ್ನ ಹಳೇ ಕೂಲರಿನ ಸಪ್ಪಳಾನೂ ಒಳಗ ಬಿತ್ತು. ಅದನ್ನರ ತಗೀತೇನಿ ಅಂದ್ರ, "ಬ್ಯಾಡ್ರಿ ಕಾಕಾ, ಇಡೀ ಹಾಡಿನ್ಯಾಗ ಅದ ಛಲೋ ಬಂದೈತಿ" ಅಂದ್ರು.

ಅಜ್ಜನ ಉಪಕಾರ

ಒಂದಿನ ಭಜನಿ ಮ್ಯಾಳದ ಅಜ್ಜ ತಮ್ಮ ಪಾಳಿಗೆ ಲಗೂ ಬಂದು ಕುಂತಿದ್ರು. ಒಳಗ ಹುಡುಗ ಕಣ್ಣು ಮುಚ್ಚಿ, ಕೊಳ್ಳಿನ ನರ ಉಬ್ಬಿಸಿ ಒದರಾಕತ್ತಿದ್ದ. ಅವ ಹೊರಗ ಬಂದ ಕೂಡ್ಲೆ ಅಜ್ಜ ಬಿಸಿನೀರು ಕೊಟ್ಟು, ಬೆನ್ನು ಸವರಿ ಕೇಳಿದ್ರು: "ತಮ್ಮಾ, ಮೈಕ್ ಹಚ್ಚೇದಾರಲ್ಲೋ, ಮತ್ಯಾಕ ಇಷ್ಟ ಒದರ್ತಿ?"

ಬಿಡುಗಡಿ

ಬೈರಿದೇವರಕೊಪ್ಪದ ಕಲ್ಯಾಣ ಮಂಟಪದಾಗ ಬಿಡುಗಡಿ ಕಾರ್ಯಕ್ರಮ. ಡ್ರಮ್ ಬಾರಿಸೋ ಹುಡುಗನ ಅವ್ವ ಬೀಗರು ಬಿಜ್ಜರಿಗೆಲ್ಲಾ ಕುಂಕುಮ ಹಚ್ಚಿ ಕರದಿದ್ಲು. ಮಂಟಪದವ್ರು ರೂಢಿ ಪ್ರಕಾರ ಬಾಗಲದಾಗ ಎಲ್ಲಾರ ಕೈಯಾಗ ಅಕ್ಕಿಕಾಳು ಕೊಟ್ಟು ಒಳಗ ಬಿಟ್ಟಿದ್ರು. ಮೊದಲ ಹಾಡಿನ ಕೊನಿಗೆ ಡ್ರಮ್ಮು ಒಂದೇ ಸವನ ದಬದಬ ಅಂತು. ಮಂದಿ ಗಟ್ಟಿಮೇಳ ಅಂತ ತಿಳಕೊಂಡು ಎದ್ದು ನಿಂತು ಅಕ್ಕಿಕಾಳು ತೂರಿಬಿಟ್ರು. ಕೂದಲದಾಗ ಅಕ್ಕಿ ತುಂಬಿಕೊಂಡು ಹಾಡೋ ಹುಡುಗ ಗಾಬರಿಯಾಗಿ ನಿಂತಾಗ, ಒಬ್ಬ ಅತ್ತಿ ಹತ್ರ ಬಂದು ಮೆಲ್ಲಕ ಕೇಳಿದ್ಲು: "ಹೆಣ್ಣಿನ ಕಡ್ಯಾವ್ರು ಯಾರೂ ಕಾಣವಲ್ರಲ್ಲಪಾ?"

ಹಿಟ್

ಆಮ್ಯಾಲೆ ಆಲ್ಬಂ ಯಾರೂ ಕೇಳ್ಲಿಲ್ಲ. ಮೊಬೈಲಿನ್ಯಾಗ ಹಾಕಿದ್ರೂ ಅವರವರ ಮನಿಯವ್ರ ಕೇಳಿದ್ರು. ಜ್ವಾಳ ತೆನಿಗೆ ಬಂದಿತ್ತು, ಹಾಡೋ ಹುಡುಗ ಸೊರಗಿ ಹೋಗಿದ್ದ. ಆವಾಗ ಒಂದಿನ ಅವನ ಅಪ್ಪನ ಬಂದು ಪೆನ್ ಡ್ರೈವಿನ್ಯಾಗ ಹಾಡು ಹಾಕಿಸಿಕೊಂಡು ಹೋದ್ರು. ಅವರ ಹಿಂದಿಂದ ಕೆಲಗೇರಿ ಕಡೆ ಹೊಲದವ್ರು ಒಬ್ಬೊಬ್ರ ಬರಾಕ ಸುರು ಮಾಡಿದ್ರು. "ಆ ಒದರೋ ಹಾಡು ನಮಗೂ ಕೊಡ್ರಿ" ಅಂತಾರ. ನನಗ ಏನೂ ತಿಳೀಲಿಲ್ಲ. ಹುಡುಗ ಮಾತ್ರ, "ಕಾಕಾ, ಆಲ್ಬಂ ಹಿಟ್ ಆತ್ರಿ" ಅಂತ ಕುಣದಾಡಿ, ನನ್ನನ್ನ ತನ್ನ ಬೈಕಿನ ಹಿಂದ ಕೂಡಿಸಿಕೊಂಡು ಹೊಲಕ್ಕ ಹೊಂಟ.

ದೂರದಿಂದ್ಲೇ ಅವನ ದನಿ ಕೇಳಸಾಕತ್ತು. ಹೊಲದ ನಡುವ ಅಟ್ಟ, ಅಟ್ಟದ ಮ್ಯಾಲೆ ದೊಡ್ಡ ಸ್ಪೀಕರ್. ತೆನಿ ಮ್ಯಾಲೆ ಒಂದು ಹಕ್ಕೀನೂ ಇರಲಿಲ್ಲ.

"ಬಾ ಬಾ" ಅಂದ್ರು ಅಪ್ಪ, ಭಾಳ ಖುಷೀಲೆ. "ಪಟಾಕ್ಷಿಗೂ ಹೆದರಲಾರದ ಗಿಳಿ ನಿನ್ನ ಹಾಡಿಗೆ ಓಡಿ ಹೋದ್ವು ನೋಡು. ಅಂಗಡಿ ನಾ ನೋಡ್ಕೋತೇನಿ, ನೀ ಇದನ್ನ ಮಾಡು."

ಹುಡುಗ ನನ್ನ ಕಿವ್ಯಾಗ, "ಕಾಕಾ, ಇದು ಹಿಟ್ ಆದಂಗ ಏನ್ರಿ?" ಅಂದ. ನನಗರ ಏನ್ ಗೊತ್ತು?

"ಒಂದ ತಕರಾರು" ಅಂದ್ರು ಅಪ್ಪ. "ಕೊನಿಗೊಂದು ಮೆಲ್ಲಗಿನ ಹಾಡು ಐತಲ್ಲ, ಅದು ಸುರು ಆತಂದ್ರ ಹೋದ ಹಕ್ಕಿ ಎಲ್ಲಾ ತಿರುಗಿ ಬಂದು ಕೂಡ್ತಾವ."

ಹುಡುಗನ ಮಾರಿ ಸಣ್ಣದಾತು. ಅದೊಂದು ಹಾಡು ಅವ ಅಪ್ಪನ ಮ್ಯಾಲೆ ಬರದಿದ್ದ.

"ಅಪ್ಪಾ, ಅದು ನಿಮ್ಮ ಮ್ಯಾಲಿನ ಹಾಡ್ರಿ."

"ಗೊತ್ತೈತಿ" ಅಂದ್ರು ಅಪ್ಪ, ತೆನಿ ಕಡೆ ನೋಡಿಕೋತ. "ಅದನ್ನ ನಾ ಮನ್ಯಾಗ ಹಚ್ಚಿಕೊಂಡು ಕೇಳ್ತೇನಿ. ಹೊಲಕ್ಕ ಬ್ಯಾಡ."